ಬೆರಳು, ಬಿರುದು ಮತ್ತು ಒಂದು ಸನ್ಮಾನಪತ್ರ

1

ನನ್ನ ದೊಡ್ಡಪ್ಪನ ಮಗನಿಗೆ ರಾಜ್ಯೋತ್ಸವದ ದಿನ ಸನ್ಮಾನ ಇಟ್ಟುಕೊಂಡಿದ್ದೇವೆ, ಸನ್ಮಾನಪತ್ರ ನೀವೇ ಬರೆದುಕೊಡಬೇಕು ಎಂದು ನಮ್ಮೂರಿನ ಹುಡುಗರು ಪಾಂಡವಪುರದ ನನ್ನ ಮನೆಗೆ ಬಂದಿದ್ದರು. ನಮ್ಮೂರು ಪಾಂಡವಪುರಕ್ಕೂ ಕೃಷ್ಣರಾಜಪೇಟೆಗೂ ನಡುವೆ ಇದೆ. ಅಣ್ಣ ಒಂದು ಕಾಲದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲೂಕುಗಳ ಕಬಡ್ಡಿ ಅಂಕಣಗಳಲ್ಲಿ ಹೆಸರು ಮಾಡಿದವನು. ರೈಡಿಗೆ ಹೋದರೆ ಬರಿಗೈಯಲ್ಲಿ ವಾಪಸು ಬರುತ್ತಿರಲಿಲ್ಲ. ಈಗ ಮಂಡಿ ನೋವು. ಆಲೆಮನೆ ಕೆಲಸ ಬಿಟ್ಟು ಜಗಲಿ ಹಿಡಿದಿದ್ದಾನೆ. ಬಂದವರಲ್ಲಿ ಕೇರಿಯ ಹುಡುಗರೂ ಇದ್ದರು, ಊರಿನ ಹುಡುಗರೂ ಇದ್ದರು. ನನಗೆ ಸಂತೋಷವೇ ಆಯಿತು. ಹೊರಡುವಾಗ ಅವರಲ್ಲೊಬ್ಬ ಬಾಗಿಲಲ್ಲಿ ನಿಂತು, 'ಸಾರ್, ಆಟದ್ದೆಲ್ಲ ಬರೀರಿ. ಆ ವರ್ಸದ್ದು ಮಾತ್ರ ಬ್ಯಾಡ. ಈಗ ಎಲ್ರೂ ಚೆನ್ನಾಗವ್ರೆ' ಅಂದ.

'ಆ ವರ್ಸ' ಏನೆಂದು ಹೇಳಬೇಕು. ಅದರ ಹಿಂದಿನ ವರ್ಷ ಊರಹಬ್ಬದ ಪಂದ್ಯದಲ್ಲಿ ನಮ್ಮೂರ ತಂಡ ಗೆದ್ದಿತ್ತು. ಏಳು ಜನರಲ್ಲಿ ಕೇರಿಯವನು ಅಣ್ಣ ಒಬ್ಬನೇ. ಅಂಕಣದೊಳಗೆ ಉಳಿದ ಆರೂ ಜನ ಅವನ ಕೈಗೆ ಕೈ ಕೊಟ್ಟು ಸರಪಣಿ ಕಟ್ಟಿದವರೇ. ಆದರೆ ಬಿಡುವಿನಲ್ಲಿ ನೀರು ಬಂದಾಗ ಆರು ಜನಕ್ಕೆ ಲೋಟ, ಇವನಿಗೆ ಬೊಗಸೆ. ಗೆದ್ದ ಮೇಲಿನ ಊಟಕ್ಕೆ ಆರು ಜನ ಹಜಾರದಲ್ಲಿ, ಇವನು ಕೊಟ್ಟಿಗೆ ಪಕ್ಕದಲ್ಲಿ. ಮರುವರ್ಷ ಪಂದ್ಯಕ್ಕೆ ಕರೆಯಲು ಬಂದವರಿಗೆ ಅವನು 'ಎಲ್ರಿಗೂ ಒಂದೇ ಲೋಟ ಆದ್ರೆ ಆಡ್ತೀನಿ' ಅಂದ. ಯಾರೂ ಒಪ್ಪಲಿಲ್ಲ. ಪಂದ್ಯದ ದಿನ ಒಗೆದ ಅಂಗಿ ತೊಟ್ಟು ಬಂದು, ಗೆರೆಯಾಚೆ ಕೈ ಕಟ್ಟಿ ನಿಂತು ಪೂರ್ತಿ ಆಟ ನೋಡಿದ. ತಂಡ ಸೋತಿತು. ಆಮೇಲೆ ಕೆಲವು ದಿನ ನಮ್ಮ ಕೇರಿಯವರನ್ನು ಕೂಲಿಗೆ ಕರೆಯಲಿಲ್ಲ. ಊರಿನ ನೆನಪಿನಲ್ಲಿ ಉಳಿದಿರುವುದು 'ಅವನಿಂದ ಕಪ್ ಹೋಯ್ತು' ಎಂಬ ಮಾತು. ಲೋಟದ ಮಾತು ಯಾರ ಬಾಯಲ್ಲೂ ಇಲ್ಲ.

ಸನ್ಮಾನಪತ್ರವನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ನಮ್ಮ ದಲಿತ ವಿಮರ್ಶೆಯೂ ಕತೆ, ಕವಿತೆ, ಆತ್ಮಕಥನಗಳ ಆಚೆಗೆ ಹೆಚ್ಚು ನಡೆದಿಲ್ಲ. ಆದರೆ ಹಾರ, ಶಾಲು, ಪೇಟಗಳ ನಡುವೆ ಮೈಕಿನಲ್ಲಿ ಓದುವ ಈ ಒಂದು ಪುಟದಷ್ಟು ಜನರ ಕಿವಿಗೆ ಬೀಳುವ ಗದ್ಯ ನಮ್ಮ ಹಳ್ಳಿಗಳಲ್ಲಿ ಬೇರೆ ಇಲ್ಲ. ಯಾರನ್ನು ಏಕೆ ನೆನೆಯಬೇಕು ಎಂಬುದನ್ನು ಸಮಾಜ ಇಲ್ಲಿ ತೀರ್ಮಾನಿಸುತ್ತದೆ. ದಲಿತ ಆಟಗಾರನ ವಿಷಯದಲ್ಲಿ ಈ ಗದ್ಯಕ್ಕೆ ಒಂದು ನಿಶ್ಚಿತ ವ್ಯಾಕರಣವಿದೆ: ಅವನ ಮೈಯನ್ನು ಹೊಗಳುತ್ತದೆ, ಬಾಯನ್ನು ಬಿಟ್ಟುಬಿಡುತ್ತದೆ. ಅವನು ಆಡಿದ್ದು ಅದರಲ್ಲಿ ಬರುತ್ತದೆ. ಆಡುವುದಿಲ್ಲ ಎಂದದ್ದು ಬರುವುದಿಲ್ಲ. ಆಟದಷ್ಟೇ ಆಟದ ನಿರಾಕರಣೆಯೂ ಅವನ ಸಾಧನೆ ಎಂದು ನಾವು ಓದದೆ ಹೋದರೆ, ಮಾಡುವ ಸನ್ಮಾನವೇ ಒಂದು ಬಗೆಯ ಮರೆವಾಗುತ್ತದೆ. ಈ ಲೇಖನದಲ್ಲಿ ನಾನು ಹೇಳಲು ಹೊರಟಿರುವುದು ಇಷ್ಟೆ.

2

ಈ ಮಾತಿಗೆ ನಮ್ಮಲ್ಲಿ ದೊಡ್ಡ ನಿದರ್ಶನ ಪಲ್ವಂಕರ್ ಸಹೋದರರದು. ಹಿರಿಯರಾದ ಬಾಲೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಚಮ್ಮಾರ ಸಮುದಾಯದವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನಕ್ಕೆ ರೋಲರ್ ಎಳೆಯುವ, ಬಲೆ ಕಟ್ಟುವ ಕೆಲಸಕ್ಕೆ ಸೇರಿ, ಅಲ್ಲಿ ಅಭ್ಯಾಸ ಮಾಡುತ್ತಿದ್ದ ಗ್ರೆಗ್ ಎಂಬ ಅಧಿಕಾರಿಗೆ ದಿನವೂ ಗಂಟೆಗಟ್ಟಲೆ ಬೌಲ್ ಮಾಡಿ ಮಾಡಿ ಎಡಗೈ ಸ್ಪಿನ್ ಬೌಲಿಂಗನ್ನು ಕೈವಶ ಮಾಡಿಕೊಂಡರು. ಬಿಳಿಯರನ್ನು ಸೋಲಿಸಬೇಕೆಂಬ ಆಸೆಗೆ ಪುಣೆಯ ಹಿಂದೂ ಕ್ಲಬ್ ಅವರನ್ನು ತಂಡಕ್ಕೆ ತೆಗೆದುಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಪುಣೆಯ ಕುಡಿಕೆಗೂ ನಮ್ಮೂರ ಬೊಗಸೆಗೂ ಎಷ್ಟು ದೂರ ಎಂದು ನೀವೇ ಅಳೆಯಿರಿ.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ ಬಾಲೂ 114 ವಿಕೆಟ್ ತೆಗೆದರು. ಆ ತಂಡದ ಮಾನ ಉಳಿದದ್ದು ಅವರ ಎಡಗೈಯಿಂದ. ವಾಪಸು ಬಂದಾಗ ಮುಂಬಯಿಯ ಶೋಷಿತ ವರ್ಗದವರು ಸನ್ಮಾನ ಮಾಡಿದರು. ಆ ಸಭೆಯ ಮಾನಪತ್ರದೊಂದಿಗೆ ಕೇಳಿಬರುವ ಹೆಸರು ತರುಣ ಭೀಮರಾವ್ ಅಂಬೇಡ್ಕರ್ ಅವರದು. ಬಾಬಾಸಾಹೇಬರ ಸಾರ್ವಜನಿಕ ಬದುಕಿನ ಮೊದಲ ದಿನಗಳಲ್ಲೇ ಒಬ್ಬ ದಲಿತ ಆಟಗಾರನ ಸನ್ಮಾನ ಇತ್ತು ಎಂಬುದನ್ನು ನಾವು ಎಲ್ಲೂ ಒತ್ತಿ ಹೇಳಿದವರಲ್ಲ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಬಾಲೂ ಅವರಿಗೆ ಸಿಗಲಿಲ್ಲ. ತಮ್ಮ ವಿಠಲ ಆ ಕಾಲದ ಶ್ರೇಷ್ಠ ಬ್ಯಾಟ್ಸ್‌ಮನ್ನರಲ್ಲಿ ಒಬ್ಬರು. 1920ರ ಚತುಷ್ಕೋನ ಪಂದ್ಯಾವಳಿಯಲ್ಲಿ ಬಾಲೂ ಅವರನ್ನು ಕೈಬಿಟ್ಟರು; ವಿಠಲರನ್ನು ಬಿಟ್ಟು ಪುಣೆಯ ಬ್ರಾಹ್ಮಣ ಆಟಗಾರ ಡಿ.ಬಿ. ದೇವಧರ್ ಅವರಿಗೆ ನಾಯಕತ್ವ ಕೊಟ್ಟರು. ವಿಠಲ ಮತ್ತು ಇನ್ನೊಬ್ಬ ತಮ್ಮ ಶಿವರಾಮ, ತಾವು ಆಡುವುದಿಲ್ಲ ಎಂದರು. ಜಾತಿಯ ಕಾರಣಕ್ಕೆ ಆದ ಅಪಮಾನ ಇದು ಎಂದು ಬಹಿರಂಗವಾಗಿ ಹೇಳಿ ಹೊರಗೆ ನಿಂತರು. ಮಹಾಡಿನ ಕೆರೆಯ ಸತ್ಯಾಗ್ರಹಕ್ಕೆ ಇನ್ನೂ ಏಳು ವರ್ಷ ಇತ್ತು. ಗಲಾಟೆಯಾದ ಮೇಲೆ ಸಹೋದರರನ್ನು ಮತ್ತೆ ಕರೆಸಿದರು, ಬಾಲೂ ಉಪನಾಯಕರಾದರು. 1923ರಲ್ಲಿ ವಿಠಲ ಹಿಂದೂ ತಂಡದ ನಾಯಕರಾದರು, ತಂಡ ಗೆದ್ದಿತು. 1920ರಲ್ಲಿ ಅವರು ಮೈದಾನದ ಹೊರಗೆ ನಿಂತದ್ದರಿಂದ ತೆರೆದ ಬಾಗಿಲು ಇದು.

ಈಗ ಗೌರವದ ಲೆಕ್ಕ ನೋಡೋಣ. ದೇಶದ ಕ್ರಿಕೆಟ್ಟಿನಲ್ಲಿ ರಣಜಿ ಹೆಸರಿನ ಟ್ರೋಫಿ ಇದೆ, ದುಲೀಪ್ ಹೆಸರಿನದಿದೆ. 1973ರಲ್ಲಿ ದೇವಧರ್ ಹೆಸರಿನದೂ ಬಂತು. ದೇವಧರ್ ದೊಡ್ಡ ಆಟಗಾರರೇ, ಅವರ ಆಟದ ಬಗ್ಗೆ ನನ್ನ ತಕರಾರಿಲ್ಲ. ಆದರೆ 1920ರಲ್ಲಿ ನಾಯಕತ್ವ ಪಡೆದವರ ಹೆಸರಿಗೆ ಟ್ರೋಫಿ, ಅದನ್ನು ಪ್ರಶ್ನಿಸಿದವರ ಹೆಸರಿಗೆ ಏನೂ ಇಲ್ಲ. ರಾಮಚಂದ್ರ ಗುಹಾ ಅವರು 2002ರಲ್ಲಿ ಪ್ರಕಟಿಸಿದ ಭಾರತೀಯ ಕ್ರಿಕೆಟ್ಟಿನ ಚರಿತ್ರೆಯಲ್ಲಿ ಈ ಸಹೋದರರ ಕಥೆಯನ್ನು ಹೊರತೆಗೆಯದೆ ಇದ್ದಿದ್ದರೆ, ನನ್ನಂಥವನಿಗೆ ಈ ಹೆಸರುಗಳೇ ತಿಳಿಯುತ್ತಿರಲಿಲ್ಲ. ವಿಠಲ ಮರಾಠಿಯಲ್ಲಿ ತಮ್ಮ ಕ್ರೀಡಾಜೀವನವನ್ನು ಬರೆದಿಟ್ಟು ಹೋಗಿದ್ದಾರೆ. ದಲಿತ ಆತ್ಮಕಥನಗಳ ಪಟ್ಟಿ ಮಾಡುವಾಗ ಕನ್ನಡದಲ್ಲಿ ನಾವು ಯಾರೂ ಆ ಪುಸ್ತಕವನ್ನು ಸೇರಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ಚಳವಳಿಯೂ ಬಾಲೂ ಅವರನ್ನು ಬಿಟ್ಟದ್ದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಮುಚ್ಚಿಡಬಾರದು. 1932ರ ಪುಣೆ ಒಪ್ಪಂದದ ಹೊತ್ತಿನಲ್ಲಿ ಅವರು ಗಾಂಧಿಯ ಕಡೆ ನಿಂತರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. ಸುಮಾರು ಎರಡು ಸಾವಿರ ಮತಗಳಿಂದ ಬಾಲೂ ಸೋತರು. ಮಾನಪತ್ರದ ಎರಡು ಬದಿಯಲ್ಲಿದ್ದವರು ಮತಪತ್ರದ ಎರಡು ಬದಿಗೆ ಬಂದರು. ಇದಕ್ಕಾಗಿ 1920ನ್ನು ಅಳಿಸಬೇಕೆ? ಬೇಡ ಎನ್ನುತ್ತೇನೆ. ಗಾಯಗೊಂಡವನು ಮುಂದೆಂದೂ ತಪ್ಪು ದಾರಿ ಹಿಡಿಯಬಾರದು ಎಂದು ಷರತ್ತು ಹಾಕುವ ಸನ್ಮಾನವೂ ಊರಿನವರ ಸನ್ಮಾನದಷ್ಟೇ ಜಿಪುಣ. 1937ನ್ನು ಬರೆಯೋಣ, 1920ನ್ನೂ ಬರೆಯೋಣ.

3

ನಾನಿರುವ ಪಟ್ಟಣಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂದು ಹೆಸರಿತ್ತು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ತಂಗಿದ್ದ ಜಾಗ. ಅದಕ್ಕೂ ಹಿಂದೆ ಹಿರೋಡೆ. ಆಮೇಲೆ ಪಾಂಡವರು ಬಂದರು. ವನವಾಸದಲ್ಲಿ ಕುಂತಿಯೊಡನೆ ಇಲ್ಲಿದ್ದರೆಂಬ ಐತಿಹ್ಯಕ್ಕೆ ಕುಂತಿಬೆಟ್ಟ ಸಾಕ್ಷಿ, ಆ ಐತಿಹ್ಯಕ್ಕೆ ಊರಿನ ಹೆಸರು ಸಾಕ್ಷಿ. ಐವರು ಅಣ್ಣತಮ್ಮಂದಿರಿಗೆ ಒಂದು ಇಡೀ ಪಟ್ಟಣ ಬರೆದುಕೊಟ್ಟ ಈ ಸೀಮೆಯಲ್ಲಿ ಏಕಲವ್ಯನ ಹೆಸರಿನ ಒಂದು ಕಟ್ಟೆಯನ್ನೂ ನಾನು ನೋಡಿಲ್ಲ.

ಆದರೆ ಸರ್ಕಾರ ಏಕಲವ್ಯನನ್ನು ಮರೆತಿಲ್ಲ. ಕೇಂದ್ರ 1961ರಿಂದ ಅತ್ಯುತ್ತಮ ಕ್ರೀಡಾಪಟುಗಳಿಗೆ ಅರ್ಜುನ ಪ್ರಶಸ್ತಿ ಕೊಡುತ್ತಿದೆ, 1985ರಿಂದ ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿ. ಕರ್ನಾಟಕ ತನ್ನ ಕ್ರೀಡಾಪಟುಗಳಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ಮೂರನ್ನೂ ಒಟ್ಟಿಗೆ ಇಟ್ಟು ಓದಿ. ಬೆರಳು ಕೇಳಿದವನ ಹೆಸರಲ್ಲಿ ಒಂದು, ಯಾರಿಗಾಗಿ ಕೇಳಿದನೋ ಅವನ ಹೆಸರಲ್ಲಿ ಒಂದು, ಬೆರಳು ಕೊಟ್ಟವನ ಹೆಸರಲ್ಲಿ ಒಂದು. ಒಂದೇ ಅಪರಾಧದ ಮೂರು ಪಾತ್ರಗಳಿಗೂ ಸಮಾನ ಗೌರವ. ರಾಜ್ಯದ ಪ್ರಶಸ್ತಿ ಪಡೆದವರು ಶ್ರಮ ಪಟ್ಟು ಪಡೆದವರು, ಅವರ ಬಗ್ಗೆ ನನಗೆ ಅಭಿಮಾನವೇ ಇದೆ. ನನ್ನ ಪ್ರಶ್ನೆ ಹೆಸರಿಟ್ಟವರಿಗೆ. ಅವರು ಸನ್ಮಾನಿಸಿದ್ದು ಏಕಲವ್ಯನ ಬಿಲ್ಲುವಿದ್ಯೆಯನ್ನೋ, ಕೇಳಿದ ಕೂಡಲೇ ಕೊಯ್ದು ಕೊಟ್ಟ ವಿಧೇಯತೆಯನ್ನೋ? ಕುವೆಂಪು 1947ರಲ್ಲೇ ಈ ಕಥೆಯನ್ನು ನಾಟಕ ಮಾಡಿ, ಬೆರಳಿಗೆ ಕೊರಳೇ ಬೆಲೆ ಎಂಬುದನ್ನು ಶೀರ್ಷಿಕೆಯಲ್ಲೇ ಹೇಳಿದರು. ಕವಿಗೆ ಕಂಡ ಲೆಕ್ಕ ಪ್ರಶಸ್ತಿ ಸಮಿತಿಗೆ ಕಾಣಲಿಲ್ಲ.

ಪಂಪನ ಕರ್ಣನನ್ನೂ ಇಲ್ಲಿ ನೆನೆಯಬಹುದು. ಅಸ್ತ್ರವಿದ್ಯೆಯ ಪ್ರದರ್ಶನ ಎಂದರೆ ಆ ಕಾಲದ ಕ್ರೀಡಾಕೂಟವೇ. ಅಲ್ಲಿ ಅರ್ಜುನನಿಗೆ ಎದುರು ನಿಂತವನಿಗೆ ಸಿಕ್ಕಿದ್ದು ಬಾಣವಲ್ಲ, ಕುಲದ ಪ್ರಶ್ನೆ. ದುರ್ಯೋಧನ ಅಲ್ಲಿಯೇ ಅಂಗರಾಜ್ಯದ ಪಟ್ಟ ಕಟ್ಟಿದ. ಕನ್ನಡ ವಿಮರ್ಶೆ ಆ ಗಳಿಗೆಯನ್ನು ಔದಾರ್ಯದ ಗಳಿಗೆಯೆಂದು ಬಹಳ ಮೆಚ್ಚಿದೆ. ನನಗೆ ಬೇರೆ ಕಾಣುತ್ತದೆ. ಪಟ್ಟ ಬಂದ ಮೇಲೆ ಕುಲದ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ಪ್ರಶ್ನೆ ಮುಚ್ಚಿಹೋಯಿತು, ಋಣ ಉಳಿಯಿತು. ಕರ್ಣ ಆ ಋಣವನ್ನು ತೀರಿಸುತ್ತಾ ತೀರಿಸುತ್ತಾ ಸತ್ತ. ಅಪಮಾನದ ಜಾಗದಲ್ಲೇ ಕೊಡುವ ಬಿರುದು ಹಲವು ಸಲ ಬಾಯಿಗೆ ಹಾಕುವ ಬೀಗ.

ನಮ್ಮ ತಾಲೂಕಿನಲ್ಲೇ ಇರುವ ಮೇಲುಕೋಟೆಯ ಉದಾಹರಣೆ ಕೊಡುತ್ತೇನೆ. ಚೆಲುವನಾರಾಯಣನ ಉತ್ಸವಮೂರ್ತಿಯನ್ನು ತರುವಲ್ಲಿ ಹೊಲೆಯರು ನೆರವಾದರೆಂದು ರಾಮಾನುಜಾಚಾರ್ಯರು ಅವರಿಗೆ 'ತಿರುಕುಲದವರು' ಎಂಬ ಹೆಸರು ಕೊಟ್ಟರಂತೆ. ಜೊತೆಗೆ ವರ್ಷದಲ್ಲಿ ಮೂರು ದಿನ ದೇವಸ್ಥಾನದ ಪ್ರವೇಶ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ ಎಂದು ಒಪ್ಪುತ್ತೇನೆ. ಆದರೆ ಲೆಕ್ಕ ಹಾಕಿದರೆ ಹೆಸರು ಮುನ್ನೂರ ಅರವತ್ತೈದು ದಿನಕ್ಕೆ, ಬಾಗಿಲು ಮೂರು ದಿನಕ್ಕೆ. ರಾಜ್ಯೋತ್ಸವದ ಒಂದು ದಿನ ಶಾಲು ಹೊದಿಸುವ ನಮ್ಮೂರ ಹುಡುಗರಿಗೆ ಈ ಪರಂಪರೆ ಗೊತ್ತಿಲ್ಲದಿರಬಹುದು. ಪರಂಪರೆಗೆ ಅವರು ಗೊತ್ತು.

4

ಹೊರಗಿನ ಲೋಕದಲ್ಲಿ ಇದು ಹೇಗೆ ನಡೆದಿದೆ? 1968ರ ಅಕ್ಟೋಬರ್ 16ರಂದು ಮೆಕ್ಸಿಕೋ ಒಲಿಂಪಿಕ್ಸಿನ 200 ಮೀಟರ್ ಓಟದಲ್ಲಿ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮೊದಲನೆಯವರಾಗಿ, ಜಾನ್ ಕಾರ್ಲೋಸ್ ಮೂರನೆಯವರಾಗಿ ಬಂದರು. ಪದಕ ತೊಟ್ಟು ನಿಂತಾಗ ಕಾಲಲ್ಲಿ ಬೂಟಿರಲಿಲ್ಲ, ಕಪ್ಪು ಕಾಲುಚೀಲ ಮಾತ್ರ. ತಮ್ಮ ಜನರ ಬಡತನಕ್ಕೆ ಅದು ಗುರುತು. ರಾಷ್ಟ್ರಗೀತೆ ಮೊಳಗುವಾಗ ಇಬ್ಬರೂ ತಲೆ ತಗ್ಗಿಸಿ, ಕಪ್ಪು ಗವಸಿನ ಮುಷ್ಟಿ ಎತ್ತಿದರು. ಎರಡನೆಯವರಾಗಿ ಬಂದ ಆಸ್ಟ್ರೇಲಿಯದ ಬಿಳಿಯ ಪೀಟರ್ ನಾರ್ಮನ್ ಅದೇ ಹೋರಾಟದ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ನಿಂತರು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಕ್ರೀಡೆಯಲ್ಲಿ ರಾಜಕೀಯ ತರಬಾರದೆಂದು ಕೆರಳಿದರು. ಸ್ಮಿತ್, ಕಾರ್ಲೋಸ್ ಇಬ್ಬರನ್ನೂ ತಂಡದಿಂದ ತೆಗೆದು ಮನೆಗೆ ಕಳಿಸಲಾಯಿತು. ಇದೇ ಬ್ರಂಡೇಜ್ 1936ರ ಬರ್ಲಿನ್ನಿನಲ್ಲಿ ನಾಜಿ ಸಲಾಮಿಗೆ ತಕರಾರು ಎತ್ತಿರಲಿಲ್ಲ. ಮೇಲಿನವರ ಕೈ ಎತ್ತಿದರೆ ಸಂಪ್ರದಾಯ, ಕೆಳಗಿನವರ ಕೈ ಎತ್ತಿದರೆ ರಾಜಕೀಯ. ನಮ್ಮೂರಲ್ಲಿ ಲೋಟ ಕೇಳಿದಾಗಲೂ 'ಆಟದೊಳಕ್ಕೆ ಜಾತಿ ಯಾಕ್ಲಾ ತರ್ತೀಯ' ಅಂದಿದ್ದರು. ಲೋಟದೊಳಗೆ ಜಾತಿ ಇಟ್ಟವರು ಯಾರು?

ಗೌರವ ಬಂದ ವೇಗ ನೋಡಿ. ಆ ಇಬ್ಬರು ಓದಿದ ಸ್ಯಾನ್ ಹೊಸೆಯ ವಿಶ್ವವಿದ್ಯಾಲಯ ಅವರ ಪ್ರತಿಮೆ ನಿಲ್ಲಿಸಿದ್ದು 2005ರಲ್ಲಿ. ನಾರ್ಮನ್ 2006ರಲ್ಲಿ ತೀರಿಕೊಂಡರು. ಅವರ ಶವಪೆಟ್ಟಿಗೆಗೆ ಸ್ಮಿತ್, ಕಾರ್ಲೋಸ್ ಹೆಗಲು ಕೊಟ್ಟರು. ಆಸ್ಟ್ರೇಲಿಯದ ಸಂಸತ್ತು ನಾರ್ಮನ್ ಅವರ ಕ್ಷಮೆ ಕೇಳಿದ್ದು 2012ರಲ್ಲಿ. ಅಮೆರಿಕದ ಒಲಿಂಪಿಕ್ ಸಂಸ್ಥೆ ಸ್ಮಿತ್ ಮತ್ತು ಕಾರ್ಲೋಸರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿಕೊಂಡದ್ದು 2019ರಲ್ಲಿ. ಮುಷ್ಟಿ ಎತ್ತಿ ಐವತ್ತೊಂದು ವರ್ಷವಾಗಿತ್ತು. ತಡವಾದರೂ ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ಪ್ರತಿಮೆ ಇರುವುದು ಓಡುತ್ತಿರುವ ಭಂಗಿಯಲ್ಲಲ್ಲ, ಮುಷ್ಟಿ ಎತ್ತಿದ ಭಂಗಿಯಲ್ಲಿ. ಪ್ರತಿಭಟನೆಯೇ ಅಲ್ಲಿ ಸಾಧನೆಯಾಗಿದೆ. ನಾರ್ಮನ್ ನಿಂತ ಜಾಗವನ್ನು ಅವರ ಇಷ್ಟದಂತೆ ಖಾಲಿ ಬಿಟ್ಟಿದ್ದಾರೆ, ಬಂದವರು ಹತ್ತಿ ನಿಲ್ಲಲಿ ಎಂದು. ನಮ್ಮೂರ ತಂಡದ ಉಳಿದ ಆರು ಜನರಲ್ಲಿ ಆ ದಿನ ಒಬ್ಬನಾದರೂ ಗೆರೆಯಾಚೆ ಬಂದು ಅಣ್ಣನ ಪಕ್ಕ ನಿಂತಿದ್ದರೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಅದು ಜನಾಂಗದ ಪ್ರಶ್ನೆ, ನಮ್ಮದು ಜಾತಿಯ ಪ್ರಶ್ನೆ, ಎರಡನ್ನೂ ಬೆರೆಸಬಾರದು ಎನ್ನುವ ಪಂಡಿತರಿದ್ದಾರೆ. ಎರಡೂ ಒಂದೇ ಎಂದು ನಾನೂ ಹೇಳುವುದಿಲ್ಲ. ಆದರೆ ಕಪ್ಪು ಜನರ ಹೋರಾಟದಿಂದಲೇ ಹೆಸರು ಪಡೆದು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. 1974ರಲ್ಲಿ ನಮ್ಮ ದೇಶ ಡೇವಿಸ್ ಕಪ್ ಟೆನಿಸ್ಸಿನ ಫೈನಲ್ ತಲುಪಿ, ಎದುರಾಳಿ ವರ್ಣಭೇದದ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡಲು ನಿರಾಕರಿಸಿತು. ಕಪ್ ಹೋಯಿತು, ಮಾನ ಉಳಿಯಿತು ಎಂದು ಇಂದಿಗೂ ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಅದೇ ದೇಶ 2001ರ ಡರ್ಬನ್ ಸಮ್ಮೇಳನದಲ್ಲಿ ಜಾತಿಯ ಮಾತು ಬಂದಾಗ ಅದು ಇಲ್ಲಿನ ವಿಷಯವಲ್ಲ ಎಂದಿತು. ದೇಶ ಆಡುವುದಿಲ್ಲ ಎಂದರೆ ಆದರ್ಶ. ಕೇರಿಯ ಹುಡುಗ ಆಡುವುದಿಲ್ಲ ಎಂದರೆ 'ಅವನಿಂದ ಕಪ್ ಹೋಯ್ತು'.

ಇದು ಹಳೆಯ ಕಾಲದ ಮಾತೂ ಅಲ್ಲ. 2021ರ ಟೋಕಿಯೊ ಒಲಿಂಪಿಕ್ಸಿನಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ವಿರುದ್ಧ ಮೂರು ಗೋಲು ಹೊಡೆದರು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಮಹಿಳೆ ಅವರು. ಸೆಮಿಫೈನಲಿನಲ್ಲಿ ತಂಡ ಸೋತ ದಿನ, ಹರಿದ್ವಾರದ ಬಳಿ ಅವರ ಮನೆಯ ಮುಂದೆ ಕೆಲವರು ಪಟಾಕಿ ಹಚ್ಚಿ ಕುಣಿದು, ದಲಿತರನ್ನು ತಂಡಕ್ಕೆ ಸೇರಿಸಿದ್ದಕ್ಕೇ ಸೋತಿತು ಎಂದು ಬೈದರು. ಕುಟುಂಬ ಸುಮ್ಮನಿರದೆ ಪೊಲೀಸರಿಗೆ ದೂರು ಕೊಟ್ಟಿತು. ಅದೇ ವರ್ಷ ವಂದನಾ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಮರುವರ್ಷ ಪದ್ಮಶ್ರೀ. ಗೋಲುಗಳಿಗೆ ಬಂದ ಗೌರವ ಅದು. ದೂರು ಕೊಟ್ಟ ಧೈರ್ಯಕ್ಕೆ ಯಾವ ಪ್ರಶಸ್ತಿಯೂ ಇಲ್ಲ.

5

ದಲಿತನ ಆಟವನ್ನು ನೋಡುವ ಕಣ್ಣಿನ ಬಗ್ಗೆ ಇನ್ನೆರಡು ಮಾತು. 2001ರ 'ಲಗಾನ್' ಸಿನಿಮಾದಲ್ಲಿ ಒಬ್ಬ ಅಸ್ಪೃಶ್ಯ ಬೌಲರ್ ಇದ್ದಾನೆ. ಹೆಸರು ಕಚ್ರಾ, ಅಂದರೆ ಕಸ. ಅವನ ಕೈ ಊನವಾದ್ದರಿಂದ ಚೆಂಡು ತಾನಾಗಿ ತಿರುಗುತ್ತದೆ. ಅವನನ್ನು ಸೇರಿಸಿಕೊಳ್ಳಿ ಎಂದು ವಾದಿಸುವವನು ನಾಯಕ. ಅವನು ಸುಮ್ಮನೆ ನಿಲ್ಲುತ್ತಾನೆ. ಪುಣೆಯ ಬಲೆಯ ಮುಂದೆ ವರ್ಷಗಟ್ಟಲೆ ಬೆವರು ಸುರಿಸಿ ಕಲಿತ ಬಾಲೂ ಅವರನ್ನು, ಪತ್ರಿಕೆಯ ಮುಂದೆ ಬಾಯಿಬಿಟ್ಟ ವಿಠಲರನ್ನು ಈ ಪಾತ್ರದ ಪಕ್ಕ ನಿಲ್ಲಿಸಿ ನೋಡಿ. ವಿದ್ಯೆ ಅಲ್ಲಿ ಅಂಗವೈಕಲ್ಯವಾಗಿದೆ, ಮಾತು ಮೌನವಾಗಿದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಸಿನಿಮಾ ಎಂಬುದೇ ಇಲ್ಲಿ ಹೆಚ್ಚು ಕಳವಳದ ಸಂಗತಿ. 1987ರಲ್ಲಿ ಕ್ರೀಡಾ ಪ್ರಾಧಿಕಾರ ನಮ್ಮ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಾಗಲೂ ಕೆಲಸ ಮಾಡಿದ್ದು ಇದೇ ಕಣ್ಣು. ಆಫ್ರಿಕಾ ಮೂಲದ ಮೈ, ಓಟ ರಕ್ತದಲ್ಲೇ ಇರಬೇಕು ಎಂಬ ನಂಬಿಕೆ. ಆ ಮಕ್ಕಳು ಪದಕಗಳನ್ನೂ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಓಡುತ್ತಿದ್ದವರು ಮತ್ತೆ ಕೂಲಿಗೆ ಮರಳಬೇಕಾಯಿತು.

ಊರಿನವರನ್ನು ಮಾತ್ರ ಬೈದರೆ ಸಾಲದು. ನಮ್ಮ ದಲಿತ-ಬಂಡಾಯ ಸಾಹಿತ್ಯದಲ್ಲಿ ದಲಿತನ ಮೈ ಹಸಿದಿದೆ, ದುಡಿದಿದೆ, ಹೊಡೆಸಿಕೊಂಡಿದೆ, ಕುಣಿದಿದೆ, ಹಲಗೆ ಬಡಿದಿದೆ. ಕಬಡ್ಡಿ ಆಡಿ ಗೆದ್ದ ಮೈ ನಾನು ಓದಿದಷ್ಟರಲ್ಲಿ ವಿರಳ. ಆಟ ನಮಗೆ ಹೋರಾಟದ ಮುಂದೆ ಹುಡುಗಾಟವಾಗಿ ಕಂಡಿತು. ಹಾಗಾಗಿ ಆಟದೊಳಗೆ ನಡೆದ ಹೋರಾಟ ನಮ್ಮ ಕಣ್ಣು ತಪ್ಪಿತು. ಅಣ್ಣ ಲೋಟ ಕೇಳಿದ ವರ್ಷ ನಾನು ಕಾಲೇಜಿನಲ್ಲಿದ್ದೆ, ಕ್ರಾಂತಿಗೀತೆ ಹಾಡಿಕೊಂಡು ಮಂಡ್ಯದಲ್ಲಿ ತಿರುಗುತ್ತಿದ್ದೆ. ರಜೆಗೆ ಊರಿಗೆ ಬಂದಾಗ ಅವನು ಹೇಳಿದ. ಕೇಳಿಸಿಕೊಂಡೆ. ಒಂದು ಸಾಲೂ ಬರೆಯಲಿಲ್ಲ.

6

ಈಗ ಬರೆದೆ. ನಾಲ್ಕು ತಾಲೂಕಿನ ಆಟ, ಗೆದ್ದ ಪಂದ್ಯಗಳು, ಆಲೆಮನೆಯ ದುಡಿಮೆ, ಆಮೇಲೆ ಆ ವರ್ಷ. 'ಕ್ರೀಡಾಂಗಣದಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ಪ್ರತಿಭಟಿಸಿ ಪಂದ್ಯವನ್ನು ಬಹಿಷ್ಕರಿಸಿದ ಸ್ವಾಭಿಮಾನಿಗಳು' ಎಂದು ಬರೆದು, ಅಣ್ಣನ ಮುಂದೆ ಕೂತು ಓದಿದೆ. ಪೂರ್ತಿ ಕೇಳಿದ.

'ಅದೇನಪ್ಪ ಅದು, ಬಹಿಸ್ಕಾರ ಗಿಹಿಸ್ಕಾರ. ಊರೋರು ನಮ್ಗೆ ಹಾಕ್ತಿದ್ದದ್ದು ಅದು. ನಾ ಲೋಟ ಕೇಳ್ದೆ, ಕೊಡ್ನಿಲ್ಲ, ಆಡ್ನಿಲ್ಲ. ಅಷ್ಟ ಬರಿ.'

ಹಾಗೇ ತಿದ್ದಿದೆ. ನನ್ನ ಮೂವತ್ತು ವರ್ಷದ ಬರವಣಿಗೆಯಲ್ಲಿ ಸಂಪಾದಕರು ತಿದ್ದಿದ ಯಾವ ಸಾಲೂ ಇಷ್ಟು ನೇರ್ಪಾಗಿರಲಿಲ್ಲ. ಅವರು ಆ ಸಾಲು ತೆಗೆಯುತ್ತೇವೆ ಅಂದರೆ ನೀನು ಶಾಲು ಬೇಡ ಅನ್ನಬೇಕು ಎಂದು ನಾನು ಹೇಳಿದೆ. ಅವನು ನಕ್ಕ.

'ಯಾಕ್ ಬ್ಯಾಡ ಅನ್ಲಿ? ಆಡಿರೋನು ನಾನು, ಹೊದ್ಕೊಳ್ಳೋನೂ ನಾನು. ಅವ್ರು ತೆಗುದ್ರೆ ತೆಗೀಲಿ. ಕೊನೇಲಿ ಎಲ್ಡ್ ಮಾತಾಡಿ ಅಂತ ಮೈಕ್ ಕೊಡ್ತಾರಲ್ಲ, ಆಗ ನಾನೇ ಹೇಳ್ತೀನಿ. ನೀನು ಮುಂದ್ಗಡೆ ಕೂತ್ಕೊ.'

ಸನ್ಮಾನಪತ್ರ ಸದ್ಯ ಹುಡುಗರ ಕೈಯಲ್ಲಿದೆ. ಬಾಗಿಲಲ್ಲಿ ನಿಂತು 'ಬ್ಯಾಡ' ಅಂದಿದ್ದ ಹುಡುಗನೇ ಅದನ್ನು ತೆಗೆದುಕೊಂಡು ಹೋಗಲು ಬಂದಿದ್ದ. ಅಲ್ಲೇ ನಿಂತು ಓದಿದ. ಆ ಸಾಲಿನ ಹತ್ತಿರ ಬಂದಾಗ ನಿಲ್ಲಿಸಿ, 'ಆ ಆರು ಜನದಲ್ಲಿ ನಮ್ಮ ತಾತನೂ ಇದ್ರು ಸಾರ್' ಅಂದ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಮಡಿಸಿ ಜೇಬಿಗೆ ಇಟ್ಟುಕೊಂಡ. ನಾನು ಇದನ್ನು ಬರೆದು ಮುಗಿಸುವ ಹೊತ್ತಿಗೆ ಅವನಿಂದ ಇನ್ನೂ ಉತ್ತರ ಬಂದಿಲ್ಲ. ರಾಜ್ಯೋತ್ಸವಕ್ಕೆ ಇನ್ನು ಹತ್ತು ದಿನ ಇದೆ.